ಸೀಮೆಸುಣ್ಣದ ಬಚ್ಚಲು

ಮೇಸ್ತ್ರಿಯ ಬಾಯಲ್ಲಿ ಭವಿಷ್ಯತ್ಕಾಲ ಎಂಬುದೇ ಇರಲಿಲ್ಲ. ಇನ್ನೂ ಹಾಸಿಗೆಯಿಂದ ಏಳದವನು ಫೋನಿನಲ್ಲಿ "ಬಂದೆ ಮೇಡಂ" ಎನ್ನುತ್ತಿದ್ದ. ಒಂದು ಟೈಲನ್ನೂ ಕೀಳದವನು "ಮುಗೀತು ಅನ್ಕೊಳ್ಳಿ" ಎನ್ನುತ್ತಿದ್ದ. ಮಿಕ್ಕಿದ್ದಕ್ಕೆಲ್ಲ ಒಂದೇ ಉತ್ತರ: "ಆಯ್ತು." ಪೈಪು ಯಾವ ಕಡೆಯಿಂದ ಬರಬೇಕೆಂದು ವಿವರಿಸಿದರೂ ಆಯ್ತು, ಕೆಲಸ ಯಾವಾಗ ಶುರು ಎಂದು ಕೇಳಿದರೂ ಆಯ್ತು. ಆ ಆಯ್ತು ಎಂದರೆ ಮಾಡಿದ್ದಾಯಿತು ಎಂದೋ, ಮಾಡುತ್ತೇನೆ ಎಂದೋ, ಸಾಕು ಇನ್ನು ಫೋನ್ ಇಡಿ ಎಂದೋ ಅವಳಿಗೆ ಕೊನೆಗೂ ಬಗೆಹರಿಯಲಿಲ್ಲ.

ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು ಅವಳು. ಅಲ್ಲಿ ಪರೀಕ್ಷೆ ಆಯಿತು ಎಂದರೆ ಆಗಿರುತ್ತದೆ, ಆಗಿಲ್ಲ ಎಂದರೆ ಆಗಿಲ್ಲ. ಇವೆರಡರ ನಡುವೆ ಇನ್ನೊಂದು ಸ್ಥಿತಿ ಉಂಟೆಂದು ಅವಳಿಗೆ ತಿಳಿದದ್ದು ಮನೆಯ ಬಚ್ಚಲನ್ನು ಒಡೆಸಿ ಹೊಸದಾಗಿ ಕಟ್ಟಿಸುವ ಯೋಚನೆಗೆ ಇಳಿದ ಮೇಲೆಯೇ.

ಯೋಚನೆ ಹುಟ್ಟಿದ್ದು ಅತ್ತೆಯಿಂದ. ಅತ್ತೆ ಬಚ್ಚಲಲ್ಲಿ ಬಿದ್ದಿದ್ದರು. ಬೆಳಗಿನ ಹೊತ್ತು ದಬ್ಬೆಂದು ಸದ್ದಾಯಿತು. ಗಂಡ ಹೆಂಡತಿ ಇಬ್ಬರೂ ಓಡಿ ಹೋಗಿ ನೋಡಿದರೆ ಒಳಗಿನ ಚಿಲಕ ಹಾಕಿರಲಿಲ್ಲ. ಬಾಗಿಲನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ತಳ್ಳಿ ನುಸುಳಬೇಕಾಯಿತು, ಏಕೆಂದರೆ ಅತ್ತೆ ಬಾಗಿಲಿಗೇ ಅಡ್ಡವಾಗಿ ಬಿದ್ದಿದ್ದರು. "ಹೊಸ್ತಿಲು ಎಡವಿದ್ಯೇನಮ್ಮಾ?" ಎಂದು ಮಗ ಕೇಳಿದ್ದಕ್ಕೆ ಅವರು ಕಣ್ಣು ಮುಚ್ಚಿಕೊಂಡೇ "ಆಗಿದ್ದಾಯ್ತು ಬಿಡೋ" ಎಂದಿದ್ದರು.

ಮುರಿದ ಎಡಗೈ ಮಣಿಕಟ್ಟು ಕೂಡಿಕೊಂಡಿತು. ಬೆರಳುಗಳ ಬಿಗಿ ಮಾತ್ರ ಮರಳಲಿಲ್ಲ. ಒದ್ದೆ ಟವೆಲನ್ನು ಹಿಂಡುವುದಿರಲಿ, ಹಿಡಿದುಕೊಳ್ಳುವುದೂ ಕಷ್ಟವಾಯಿತು. ಅಂದಿನಿಂದ ಅತ್ತೆಯ ಸ್ನಾನ ಸೊಸೆಯ ಪಾಲಿಗೆ ಬಂತು. ಬಚ್ಚಲು ಎಷ್ಟು ಇಕ್ಕಟ್ಟೆಂದರೆ ಇಬ್ಬರು ಒಳಗಿದ್ದರೆ ಬಾಗಿಲು ಮುಚ್ಚುವಂತಿಲ್ಲ. ಅತ್ತೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ, ಬೈಸಿಕೊಂಡ ಮಗುವಿನ ಹಾಗೆ ಕುಳಿತಿರುತ್ತಿದ್ದರು. ಮನೆಯಲ್ಲಿ ಎಲ್ಲರ ಕಾಲೆಳೆಯುತ್ತಿದ್ದ ಹೆಂಗಸು ಅಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಸೊಸೆಗೆ ಕೆಲಸಕ್ಕೆ ಹೊತ್ತಾಗುತ್ತಿತ್ತು, ತೋಳು ಮೊಣಕೈವರೆಗೆ ನೆನೆಯುತ್ತಿತ್ತು. ಅವಸರದಲ್ಲಿ ಅವಳು ಸುರಿದ ನೀರು ಅತ್ತೆಯ ಕಣ್ಣಿಗೆ ಹೋಗುತ್ತಿತ್ತು, ಅದಕ್ಕೂ ಅತ್ತೆ ಮಾತಾಡುತ್ತಿರಲಿಲ್ಲ. ಆ ಮೌನಕ್ಕೆ ಅವಳಿಗೆ ಇನ್ನಷ್ಟು ರೇಗುತ್ತಿತ್ತು.

ಒಂದು ದಿನ ಗಂಡ ಬೀಗದಕೈ ಹುಡುಕುತ್ತ ಸೀದಾ ಬಚ್ಚಲ ಬಾಗಿಲಿಗೇ ಬಂದು ನಿಂತ. "ಲೇ, ಕೀ ಎಲ್ಲಿಟ್ಟಿದೀಯ?" ಅತ್ತೆ ಗಾಬರಿಯಿಂದ ಟವೆಲಿಗೆ ಕೈ ಹಾಕಿದರು. ಟವೆಲು ಜಾರಿ ಬಕೆಟ್ಟಿಗೆ ಬಿತ್ತು.

"ನಿನಗೆ ಸ್ನಾನ ಮಾಡಿಸಿ ದೊಡ್ಡೋನು ಮಾಡಿದ್ದು ನಾನು ಕಣೋ," ಎಂದರು ಗೋಡೆಗೆ. "ಅದಕ್ಕೆ ಸೇಡು ತೀರಿಸ್ಕೊಳ್ಳೋಕೆ ಬಂದ್ಯಾ?"

ಮಗ ನಾಲಿಗೆ ಕಚ್ಚಿಕೊಂಡು ಓಡಿದ. ಅವತ್ತು ಸಂಜೆ ಅತ್ತೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು: "ಏನಾದ್ರೂ ಮಾಡೇ. ನಾನೊಬ್ಬಳೇ, ಚಿಲಕ ಹಾಕ್ಕೊಂಡು, ಸ್ನಾನ ಮಾಡೋ ಹಾಗಾಗ್ಬೇಕು. ಇನ್ನೇನೂ ಕೇಳಲ್ಲ ನಿನ್ನ."

ಸೊಸೆಯ ಮನಸ್ಸಿನಲ್ಲಿ ನಿಂತದ್ದು 'ಒಬ್ಬಳೇ' ಎಂಬ ಮಾತು. 'ಚಿಲಕ' ಎಂಬುದು ಮಾತಿನ ಭರದಲ್ಲಿ ಬಂದದ್ದೆಂದುಕೊಂಡಳು.

ಕೈಗೆತ್ತಿಕೊಂಡದ್ದನ್ನು ಅರ್ಧಂಬರ್ಧ ಮಾಡಿ ಅವಳಿಗೆ ಗೊತ್ತಿಲ್ಲ. ಅತ್ತೆ ನಿಂತಾಗ, ಕೂತಾಗ, ಕೈ ಚಾಚಿದಾಗ ಎಷ್ಟೆಷ್ಟು ಎತ್ತರ ಎಂದು ಟೇಪು ಹಿಡಿದು ಅಳೆದಳು. "ರವಿಕೆ ಹೊಲಿಸ್ತೀಯೋ ಬಚ್ಚಲು ಹೊಲಿಸ್ತೀಯೋ?" ಎಂದು ಅತ್ತೆ ಕೇಳಿದರು. ಹೊಸ್ತಿಲು ತೆಗೆಯಬೇಕು. ಜಾರದ ಟೈಲು ಹಾಕಿಸಬೇಕು. ಗೋಡೆಗೆ ಹಿಡಿಕೆ ಬೇಕು, ಕೂರಲು ಗಟ್ಟಿಯಾದ ಆಸನ ಬೇಕು. ಬಾಗಿಲು ಹೊರಕ್ಕೆ ತೆರೆಯಬೇಕು. ಹಳೆಯ ಬಾಗಿಲಂತೂ ನೀರು ಕುಡಿದು ಉಬ್ಬಿ ಹೋಗಿತ್ತು. ಅದರ ನಡುವಿನ ಚಿಲಕ ತೂತಿಗೆ ಕೂರದೆ ಎಷ್ಟೋ ಕಾಲವಾಗಿತ್ತು, ಮನೆಯವರೆಲ್ಲ ಮೇಲಿನದನ್ನೇ ಹಾಕುತ್ತಿದ್ದರು. ಎಲ್ಲವನ್ನೂ ಗೀರಿ, ಅಳತೆ ಬರೆದು, ನಕ್ಷೆ ಮಾಡಿಕೊಂಡು ಮೇಸ್ತ್ರಿಯನ್ನು ಕರೆಸಿದಳು.

ಮೇಸ್ತ್ರಿ ಗೋಡೆ ತಟ್ಟಿ ನೋಡಿದ, ನಲ್ಲಿ ತಿರುಗಿಸಿ ನೋಡಿದ, ತಲೆಯೆತ್ತಿ ಸೂರು ನೋಡಿದ, ಕೊನೆಗೆ ತನ್ನ ಫೋನು ನೋಡಿದ. ಅವಳ ನಕ್ಷೆಯನ್ನು ಮಾತ್ರ ನೋಡಲಿಲ್ಲ. ಅವಳು ಒಂದು ಮಗ್ ನೀರನ್ನು ನೆಲಕ್ಕೆ ಸುರಿದಳು. ನೀರು ಜಾಲರಿಯ ಕಡೆಗೆ ಬೆನ್ನು ಹಾಕಿ, ನಿಧಾನವಾಗಿ ಕಮೋಡಿನ ಹಿಂದಿನ ಮೂಲೆಗೆ ಹೋಗಿ ನಿಂತಿತು.

"ನೋಡಿ, ವಾಟವೇ ಸರಿಯಿಲ್ಲ," ಎಂದಳು. ನೀರು ಹರಿದು ಹೋಗಲೆಂದು ನೆಲಕ್ಕೆ ಕೊಡುವ ಇಳಿಜಾರಿಗೆ ಮೇಸ್ತ್ರಿಗಳು ವಾಟ ಎನ್ನುತ್ತಾರೆಂದು ಅವಳು ಆ ವಾರವಷ್ಟೇ ಕಲಿತಿದ್ದಳು.

"ವಾಟ ಸರಿಯಾಗೇ ಇದೆ ಮೇಡಂ. ಜಾಲರಿ ಇಟ್ಟಿರೋ ಜಾಗ ತಪ್ಪು."

"ಯಾರು ಇಟ್ಟಿದ್ದು?"

"ನಾನೇ. ನಿಮ್ಮ ಮಾವನೋರು ಇದ್ದಾಗ. ಅವರು ಹೀಗೆಲ್ಲ ನೀರು ಸುರಿದು ನೋಡ್ತಿರಲಿಲ್ಲ ಬಿಡಿ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು, ಡೊಂಕು ಮಾಡಿದವನೇ ನಿಂತು ಕುಣಿಯುತ್ತಿದ್ದ. ಬೇರೆಯವನನ್ನು ಕರೆಯೋಣವೆಂದರೆ, ಗೋಡೆಯೊಳಗೆ ಯಾವ ಪೈಪು ಎಲ್ಲಿ ಹೂತಿದೆಯೆಂದು ಗೊತ್ತಿದ್ದವನು ಲೋಕದಲ್ಲಿ ಅವನೊಬ್ಬನೇ.

"ಈ ಗೋಡೆಯಿಂದ ಹಿಡಿಕೆ ಇಷ್ಟು ದೂರ ಇರಬೇಕು, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಮ್ಮಿಯಿಲ್ಲ. ಅರ್ಥ ಆಯ್ತಾ?"

"ಆಯ್ತು ಮಿಲಿಮೀಟರ್ ಮೇಡಂ, ಆಯ್ತು," ಎಂದು ನಕ್ಕು ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಫೋನ್ ಮಾಡಿದಾಗೆಲ್ಲ ಬಂದೇ ಇರುತ್ತಿದ್ದ.

ಮೇಸ್ತ್ರಿ ಬಾರದ ದಿನಗಳಲ್ಲಿ ಸಲಹೆಗಳು ಬಂದವು. ಬೇರೆ ಊರಿನಲ್ಲಿದ್ದ ಗಂಡನ ಅಕ್ಕ ಸಂಜೆಯಾದರೆ ವೀಡಿಯೊ ಕರೆ ಮಾಡಿ, "ಎಲ್ಲಿ, ಬಚ್ಚಲು ತೋರಿಸು" ಎನ್ನುತ್ತಿದ್ದಳು. ಒಂದು ದಿನ ಬಾತ್‌ಟಬ್ ಎಂದಳು. ಇನ್ನೊಂದು ದಿನ ಬಿಳಿ ಟೈಲು ಬೇಡ, ಕೊಳೆ ಕಾಣುತ್ತದೆ ಎಂದಳು. ಮರುದಿನ ಕಪ್ಪು ಟೈಲು ಬೇಡ, ಕೊಳೆ ಕಾಣುವುದಿಲ್ಲ ಎಂದಳು. ಗಂಡನ ಆಸೆ ಒಂದೇ, ತಲೆ ಮೇಲೆ ಮಳೆಯಂತೆ ಸುರಿಯುವ ದೊಡ್ಡ ಶವರ್. "ಬಚ್ಚಲು ಮಾಡಿಸ್ತಿರೋದು ಯಾರಿಗೆ ರೀ?" ಎಂದು ಅವಳು ಕೇಳಿದರೆ, "ಹೇಗೂ ಒಡೆಯೋದೇ ಅಲ್ವಾ" ಎನ್ನುತ್ತಿದ್ದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಇವರಿಬ್ಬರೂ ನೀರಿಗೇ ಎಳೆಯುತ್ತಿದ್ದರು, ಆದರೂ ದಿಕ್ಕು ಬೇರೆ ಬೇರೆ.

ಅಕ್ಕ ತಮ್ಮ ಇಬ್ಬರೂ ಒಪ್ಪಿದ ವಿಷಯ ಒಂದೇ: ಒಳಗೆ ಚಿಲಕ ಬೇಡ.

"ಅಮ್ಮ ಮತ್ತೆ ಬಿದ್ಲು ಅನ್ಕೋ," ಎಂದಳು ಅಕ್ಕ. "ಒಳಗಿಂದ ಚಿಲಕ ಹಾಕಿರುತ್ತೆ. ಆಗ ಏನ್ಮಾಡ್ತೀಯ?"

ಸೊಸೆಗೂ ಅದು ಸರಿಯೆನಿಸಿತು. ಅಪಾಯವನ್ನು ಮೊದಲೇ ತೆಗೆದುಹಾಕುವುದು ಅವಳ ವಿದ್ಯೆಯ ಮೊದಲ ಪಾಠ. ಅತ್ತೆಯ ಮುಂದೆ ನಕ್ಷೆ ಹರಡಿ ಒಂದೊಂದಾಗಿ ವಿವರಿಸಿದಳು. ಇಲ್ಲಿ ಹಿಡಿಕೆ ಅತ್ತೆ, ಇಲ್ಲಿ ಆಸನ, ಹೊಸ್ತಿಲು ಇರಲ್ಲ, ಬಾಗಿಲು ಸುಮ್ಮನೆ ಮುಂದೆ ಮಾಡಿಕೊಂಡರೆ ಸಾಕು, ಚಿಲಕ ಗಿಲಕ ಏನೂ ಬೇಡ. ಅತ್ತೆ ಕನ್ನಡಕ ಏರಿಸಿ ನೋಡಿದರು, ಕನ್ನಡಕ ತೆಗೆದರು.

"ಆಯ್ತು," ಎಂದರು.

ಒಪ್ಪಿಗೆ ಸಿಕ್ಕಿತೆಂದು ಅವಳು ಹಾಳೆ ಮಡಿಚಿದಳು.

ಮರುದಿನ ಅವಳು ನೀರು ಕಾಯಿಸಿಟ್ಟು ಕರೆಯಲು ಹೋದರೆ ಅತ್ತೆ ಆಗಲೇ ಸೀರೆ ಬದಲಿಸಿ ಕೂತಿದ್ದರು. "ಸ್ನಾನ?" ಎಂದರೆ "ಆಯ್ತು" ಎಂದರು. ಅದರ ಮರುದಿನವೂ ಅದೇ ಮಾತು. ಅವರೊಬ್ಬರೇ ಹೇಗೆ ಮಾಡಿಕೊಂಡರೋ ಎಂದು ಅವಳಿಗೆ ಅಚ್ಚರಿ, ಸ್ವಲ್ಪ ಸಮಾಧಾನ ಕೂಡ. ಆದರೆ ಒಣಹಾಕಲೆಂದು ಟವೆಲು ಕೈಗೆತ್ತಿಕೊಂಡರೆ ಅದು ಬೀರುವಿನಿಂದ ತೆಗೆದಿಟ್ಟ ಮಡಿಕೆಯಲ್ಲೇ ಗರಿಗರಿಯಾಗಿತ್ತು. ಬಚ್ಚಲ ನೆಲ ಒಣಗಿತ್ತು.

ಆಗ ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಟೇಪು ಹಿಡಿದು ಅಳೆದವಳು ತಾನು, ಮೇಸ್ತ್ರಿಯ ಹಿಂದೆ ಬಿದ್ದವಳು ತಾನು, ಗಂಡನ ಅಕ್ಕನ ಬಾತ್‌ಟಬ್ ಕಥೆ ಕೇಳಿದವಳು ತಾನು. ಎಲ್ಲ ಯಾರಿಗಾಗಿಯೋ ಅವರೇ ಸುಳ್ಳು ಹೇಳಿ ಮುಖ ತಿರುಗಿಸಿಕೊಂಡು ಕೂತಿದ್ದಾರೆ.

"ಏನತ್ತೆ ಇದು? ಸ್ನಾನ ಮಾಡ್ದೇನೇ ಆಯ್ತು ಅಂತೀರಾ?"

"ಆಯ್ತು ಅಂದ್ರೆ ಆಯ್ತು. ಇನ್ನು ನನಗೂ ಬಚ್ಚಲಿಗೂ ಆಯ್ತು." ಅತ್ತೆ ಕಿಟಕಿಯ ಆಚೆ ನೋಡುತ್ತ ಹೇಳಿದರು. "ಒದ್ದೆ ಬಟ್ಟೇಲಿ ಮೈ ಒರೆಸ್ಕೋತೀನಿ. ಅದಕ್ಕೆ ನಕ್ಷೆ ಬೇಡ."

ಈ ಮನೆಯಲ್ಲೂ ಭಾಷೆ ಮೇಸ್ತ್ರಿಯದೇ ಆಗಿಹೋಯಿತಲ್ಲ ಎಂದು ಅವಳು ತಲೆ ಹಿಡಿದುಕೊಂಡಳು.

ಭಾನುವಾರ ಬೆಳಗ್ಗೆ ಮೇಸ್ತ್ರಿ ಎಂದಿನಂತೆ "ಬಂದೆ" ಎಂದ. ಅವನು ಬರುವುದರೊಳಗೆ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಮಾಡಿಡಬೇಕು, ಹಾಳೆ ನೋಡದವನು ನೆಲವನ್ನಾದರೂ ನೋಡಲಿ ಎಂದು ಅವಳು ನಿರ್ಧರಿಸಿದಳು. ಹಾಲಿನ ಸೋಫಾ ಪಕ್ಕಕ್ಕೆ ತಳ್ಳಿಸಿದಳು. ಸೀಮೆಸುಣ್ಣ ತೆಗೆದುಕೊಂಡು, ಮೊಣಕಾಲೂರಿ, ಹೊಸ ಬಚ್ಚಲನ್ನು ಇದ್ದ ಅಳತೆಯಲ್ಲೇ ನೆಲದ ಮೇಲೆ ಗೀರಿದಳು. ನಾಲ್ಕು ಗೋಡೆ, ಬಾಗಿಲಿನ ಜಾಗ, ಜಾಲರಿಗೊಂದು ಸೊನ್ನೆ. ಕಮೋಡಿನ ಜಾಗಕ್ಕೆ ಮಂಕರಿ ಬೋರಲಾಯಿತು. ಆಸನಕ್ಕೆ ಅದೇ ಪ್ಲಾಸ್ಟಿಕ್ ಸ್ಟೂಲು. ಎರಡು ಕುರ್ಚಿಗಳ ಬೆನ್ನಿಗೆ ಪೊರಕೆಯ ಕೋಲು ಕಟ್ಟಿದ್ದು ಹಿಡಿಕೆ.

"ಶವರ್ ಎಲ್ಲಿ?" ಎಂದ ಗಂಡ.

"ನೀವು ಬಾಯಿ ಮುಚ್ಕೊಂಡು ಸೂರಿಗೆ ನೇತಾಡ್ತೀರಾದ್ರೆ ನೀವೇ ಶವರ್."

ಅತ್ತೆಯನ್ನು ಕರೆದರೆ ಬರಲಿಲ್ಲ. ಗಂಡ ಹೋಗಿ, "ಬಾಮ್ಮ, ನಿನ್ನ ಸೊಸೆ ಹಾಲಲ್ಲಿ ಬಚ್ಚಲು ಕಟ್ಟಿದಾಳೆ" ಎಂದು ನಗಿಸಲು ನೋಡಿದ. ನಗು ಬಾರದಿದ್ದರೂ ಕುತೂಹಲ ಬಂದಿರಬೇಕು, ಅತ್ತೆ ಎದ್ದು ಬಂದರು. ಗೀಟಿನ ಹೊರಗೆ ನಿಂತು ಒಂದು ಸುತ್ತು ನೋಡಿದರು.

"ಒಂದು ಸಲ ಒಳಗೆ ಹೋಗಿ ಸ್ನಾನ ಮಾಡಿದ ಹಾಗೆ ಮಾಡಿ ತೋರಿಸಿ ಅತ್ತೆ. ಹಿಡಿಕೆ ಸರಿಯಾಗಿ ಸಿಗುತ್ತಾ ನೋಡ್ಬೇಕು, ಅಷ್ಟೇ."

"ಬಟ್ಟೆ ಹಾಕ್ಕೊಂಡೇ ಮಾಡ್ಲೋ?" ಎಂದರು ಅತ್ತೆ. ಬಹಳ ದಿನಗಳ ಮೇಲೆ ಬಾಯಿಗೆ ಬಂದ ತಮಾಷೆ ಅದು.

ಅವರು ಬಾಗಿಲಿನ ಜಾಗದಲ್ಲಿ ಕಾಲಿಟ್ಟರು. ಸೊಸೆಯ ಲೆಕ್ಕದಲ್ಲಿ, ಒಳಗೆ ಬಂದವರು ಸೀದಾ ಎರಡು ಹೆಜ್ಜೆ ನಡೆದು, ಹಿಡಿಕೆ ಹಿಡಿದು, ಆಸನದ ಮೇಲೆ ಕೂರಬೇಕು. ಅತ್ತೆ ಹಾಗೆ ಮಾಡಲಿಲ್ಲ. ಒಳಗೆ ಬಂದವರೇ ಬಾಗಿಲ ಕಡೆ ತಿರುಗಿದರು. ಇಲ್ಲದ ಬಾಗಿಲನ್ನು ಎಳೆದುಕೊಂಡರು. ಆಮೇಲೆ ಬಲಗೈಯನ್ನು ತಲೆಗಿಂತ ಮೇಲೆ ಎತ್ತಿ, ಕುಳ್ಳಗಿನ ಮೈಯನ್ನು ತುದಿಗಾಲ ಮೇಲೆ ಏರಿಸಿ, ಗಾಳಿಯಲ್ಲಿ ಏನನ್ನೋ ಎಡಕ್ಕೆ ಸರಿಸಿದರು. ಹಿಮ್ಮಡಿಗಳು ನೆಲ ಬಿಟ್ಟಿದ್ದವು. ಎಡಗೈ ಆಸರೆ ಹುಡುಕಿ ಖಾಲಿ ಗಾಳಿಯಲ್ಲಿ ಆಡಿತು. ಮೈ ಸ್ವಲ್ಪ ಓಲಾಡಿತು.

ಸೊಸೆ ಹಿಡಿಯಲು ಮುಂದೆ ನುಗ್ಗಿದಳು. ಅಷ್ಟರಲ್ಲಿ ಅತ್ತೆಯ ಹಿಮ್ಮಡಿಗಳು ನೆಲಕ್ಕಿಳಿದವು.

"ಟಕ್," ಎಂದರು ಅತ್ತೆ ಬಾಯಲ್ಲಿ.

ಸೊಸೆಯ ಕಣ್ಣು ಇನ್ನೂ ಆ ಹಿಮ್ಮಡಿಗಳ ಮೇಲೆಯೇ ಇತ್ತು. ಒದ್ದೆ ನೆಲ, ನೀರು ನಿಲ್ಲುವ ಡೊಂಕು, ಕೈಗೆಟುಕದ ಮೇಲಿನ ಚಿಲಕ. ಚಿಲಕ ಹಾಕಿರಲಿಲ್ಲ ಅವತ್ತು. ಹಾಕುವ ಮೊದಲೇ ಬಿದ್ದಿದ್ದರು. ಅದಕ್ಕೇ ಬಾಗಿಲಿಗೆ ಅಡ್ಡ.

"ಅತ್ತೆ, ಅವತ್ತು ನೀವು ಹೊಸ್ತಿಲು ಎಡವಲಿಲ್ಲ."

"ಎಡವಿದೆ ಅಂತ ನಾನೆಲ್ಲಿ ಹೇಳಿದೆ? ನೀವೇ ಕೇಳಿದ್ರಿ, ನೀವೇ ಹೇಳ್ಕೊಂಡ್ರಿ. ನಾನು ಆಗಿದ್ದಾಯ್ತು ಅಂದೆ."

"ಚಿಲಕ ಅಂತ ಹೇಳೋದಲ್ವೇನಮ್ಮಾ?" ಎಂದ ಮಗ.

"ಹೇಳಿದ್ರೆ ಏನ್ಮಾಡ್ತಿದ್ದೆ? ಅವತ್ತೇ ಚಿಲಕ ಕಿತ್ತು ಹಾಕ್ತಿದ್ದೆ. ಹೌದೋ ಅಲ್ವೋ?" ಅತ್ತೆ ಸೊಸೆಯ ಕಡೆ ತಿರುಗಿದರು. "ಹೇಳದೇ ಇದ್ರೂ ಇವಳು ಕಿತ್ತಳು."

ತಿಂಗಳುಗಟ್ಟಲೆ ಅಳೆದದ್ದೆಲ್ಲ ಅವಳ ಕಣ್ಣ ಮುಂದೆ ಬಂತು. ಅಂಗುಲ ಅಂಗುಲವೂ ಸರಿಯಾಗಿತ್ತು. ಇಲ್ಲದ ಎಡವುವಿಕೆಗೆ ಮದ್ದು ಅರೆದಿದ್ದಳು. ಹಿಡಿಕೆ ಬೇಕಾದದ್ದು ಆಸನದ ಹತ್ತಿರ ಮಾತ್ರವಲ್ಲ, ಮೊದಲು ಬಾಗಿಲ ಹತ್ತಿರ. ಅಳುವುದೋ ಸೀಮೆಸುಣ್ಣವನ್ನು ಗೋಡೆಗೆ ಎಸೆಯುವುದೋ ತಿಳಿಯದೆ ಅವಳು ಸೀಮೆಸುಣ್ಣವನ್ನು ಎರಡು ತುಂಡು ಮಾಡಿದಳು.

"ಹಾಗಂತ ಚಿಲಕ ಇಡೋಕಾಗಲ್ಲ ನೋಡು," ಎಂದ ಗಂಡ. "ಒಳಗೆ ಏನಾದ್ರೂ ಆದ್ರೆ?"

"ಬಾಗಿಲು ಹೊರಕ್ಕೆ ತೆರೆಯೋದು ತಾನೇ?" ಅವಳು ನಿಧಾನವಾಗಿ, ತನಗೆ ತಾನೇ ಹೇಳಿಕೊಳ್ಳುವಂತೆ ಶುರು ಮಾಡಿದಳು. "ಹಾಗಿದ್ರೆ ಬಾಗಿಲಿನ ಕೀಲು ಹೊರಗಡೆ ಇರುತ್ತೆ. ಕೀಲಿನ ಕಡ್ಡಿ ಹೊರಗಿಂದಲೇ ಎಳೆದು ತೆಗೆಯೋ ಹಾಗೆ ಇಡಿಸೋಣ. ಚಿಲಕ ಒಳಗೆ ಹಾಕೇ ಇರ್ಲಿ, ಬಾಗಿಲನ್ನೇ ಕೀಲಿನ ಕಡೆಯಿಂದ ಬಿಡಿಸಬಹುದು. ಚಿಲಕ ಮೇಲೆ ಬೇಡ. ಸ್ಟೂಲಿನ ಮೇಲೆ ಕೂತಿದ್ರೂ ಕೈಗೆ ಸಿಗೋ ಎತ್ತರಕ್ಕೆ. ಅದರ ಪಕ್ಕದಲ್ಲೇ ಒಂದು ಹಿಡಿಕೆ."

"ನಿಜವಾದ ಚಿಲಕ ತಾನೇ?" ಎಂದರು ಅತ್ತೆ. "ಹೊರಗಿಂದ ಎಳೆದ್ರೆ ತೆರ್ಕೊಳ್ಳೋ ನಾಟಕದ ಚಿಲಕ ಅಲ್ವಲ್ಲ?"

"ನಿಜವಾದದ್ದೇ."

"ಕೀಲು ಕಿತ್ಕೊಂಡು ಬರೋರು ಬರ್ಲಿ. ಕೀ ಎಲ್ಲಿ ಅಂತ ಕೇಳ್ಕೊಂಡು ಬರೋರು ಬರಬಾರ್ದು."

ಮಗ ತಲೆ ತಗ್ಗಿಸಿದ. ಅಕ್ಕನಿಗೆ ಏನು ಹೇಳಲಿ ಎಂದು ಗೊಣಗಿದ. "ಬಾತ್‌ಟಬ್ಬಿಗೆ ಚಿಲಕ ಇಡ್ತೀವಿ ಅನ್ನು" ಎಂದರು ಅತ್ತೆ. ಅಷ್ಟು ಹೇಳಿ ಸ್ಟೂಲಿನ ಮೇಲೆ ಕೂತು, ಇಲ್ಲದ ಬಕೆಟ್ಟಿನಿಂದ ಇಲ್ಲದ ಮಗ್ಗಿನಲ್ಲಿ ನೀರು ಮೊಗೆದು, ನಿಧಾನವಾಗಿ ಹೆಗಲ ಮೇಲೆ ಸುರಿದುಕೊಂಡರು. ಕಣ್ಣಿಗೆ ಹೋಗದಂತೆ ಸುರಿದುಕೊಂಡರು. ಸೊಸೆ ಅದನ್ನೂ ಗಮನಿಸಿದಳು.

ಆ ಹೊತ್ತಿಗೆ ಸರಿಯಾಗಿ, ಎಲ್ಲರೂ ಮರೆತಿದ್ದ ಮೇಸ್ತ್ರಿ ಬಂದ. ಹಾಲಿನ ನಡುವೆ ಸ್ಟೂಲು ಹಾಕಿಕೊಂಡು ಕೂತ ಅಜ್ಜಿ, ಸುತ್ತ ನಿಂತ ಮಗ ಸೊಸೆ, ಬೋರಲಾದ ಮಂಕರಿ. ಅವನಿಗೆ ತಲೆಬುಡ ತಿಳಿಯಲಿಲ್ಲ. "ಏನಮ್ಮಾ, ಆರಾಮಾ?" ಎನ್ನುತ್ತ ಸೀದಾ ಗೀಟು ದಾಟಿ ಒಳಗೆ ನಡೆದ.

"ಗೋಡೆ ಒಡ್ಕೊಂಡು ಬಂದ್ಯಲ್ಲೋ!" ಎಂದು ಅತ್ತೆ ಸೆರಗು ಎಳೆದುಕೊಂಡರು. "ಕಟ್ಟೋಕೆ ಬರಲ್ಲ, ಒಡೆಯೋಕೆ ಮಾತ್ರ ಬರುತ್ತೆ. ನಡಿ ಆಚೆ! ಬಾಗಿಲು ತಟ್ಟೋದು ಗೊತ್ತಿಲ್ವಾ?"

ಮೇಸ್ತ್ರಿ ಕಾಲಕೆಳಗಿನ ಬಿಳಿ ಗೀಟು ನೋಡಿ, ಬೆಚ್ಚಿ ಹಿಂದಕ್ಕೆ ಹೆಜ್ಜೆ ಇಟ್ಟ. ಸೊಸೆ ಅವನನ್ನು ಬಾಗಿಲ ಜಾಗದ ಹೊರಗೆ ನಿಲ್ಲಿಸಿಕೊಂಡು ಎಲ್ಲವನ್ನೂ ಮೊದಲಿನಿಂದ ಹೇಳಿದಳು. ವಾಟ ಈ ಕಡೆ, ಕೀಲು ಹೊರಗೆ, ಚಿಲಕ ಇಲ್ಲಿ, ಅದರ ಪಕ್ಕ ಹಿಡಿಕೆ. ಅವನು ಈ ಸಲ ನೆಲ ನೋಡಿದ. ಚಿಲಕದ ಎತ್ತರ ಕಂಡು ಮೂಗು ಮುರಿದ.

"ಅಷ್ಟು ಕೆಳಗೆ ಯಾರೂ ಇಡಲ್ಲ ಮೇಡಂ. ನೋಡೋಕೆ ಚೆನ್ನಾಗಿರಲ್ಲ."

"ಒಳಗಿರೋರಿಗೆ ಚೆನ್ನಾಗಿದ್ರೆ ಸಾಕು. ಇಡ್ತೀರೋ ಇಲ್ವೋ?"

"ಆಯ್ತು."

"ಆಯ್ತು ಅಂದ್ರೆ ಏನು? ಈಗಲೇ ಹೇಳಿ."

ಅವನು ಅವಳ ಮುಖ ನೋಡಿದ, ಗೀಟಿನೊಳಗಿನ ಅಜ್ಜಿಯ ಮುಖ ನೋಡಿದ. "ಆಯ್ತು ಅಂದ್ರೆ... ಆಯ್ತು ಮೇಡಂ," ಎಂದು ತಲೆ ಕೆರೆದುಕೊಂಡ. ನಾಳೆ ಬೆಳಗ್ಗೆ ಬಂದೆ ಎಂದ. ಹೋದ.

ಅವಳಿಗೆ ಗೊತ್ತಿತ್ತು, ನಾಳೆ ಬರುವುದಿಲ್ಲ. ಮತ್ತೆ ಫೋನು, ಮತ್ತೆ ಬಂದೆ, ಹಿಡಿಕೆ ಒಂದು ಬೆರಳು ಆಚೆ, ಮತ್ತೆ ಜಗಳ. ಹಾಲಿನಲ್ಲಿ ಸೋಫಾ ಅಡ್ಡಾದಿಡ್ಡಿ ಬಿದ್ದಿತ್ತು. ಅಡುಗೆ ಆಗಬೇಕಿತ್ತು. ಒದ್ದೆ ಬಟ್ಟೆ ತಂದು ಗೀಟು ಒರೆಸಲು ಬಾಗಿದವಳು ಬಾಗಿಲಿನ ಜಾಗದಲ್ಲೇ ತಡೆದಳು. ಅತ್ತೆ ಇನ್ನೂ ಒಳಗೆ ಕೂತಿದ್ದರು, ಗೋಡೆಯ ಕಡೆಗಲ್ಲ, ಬಾಗಿಲ ಕಡೆಗೆ ಮುಖ ಮಾಡಿ.

ಅಮ್ಮನನ್ನು ಎಬ್ಬಿಸಲು ಗಂಡ ಗೀಟು ದಾಟಲು ಕಾಲೆತ್ತಿದ. ಅವಳು ಅವನ ತೋಳು ಹಿಡಿದು ಹಿಂದಕ್ಕೆಳೆದಳು.

"ರೀ, ಚಿಲಕ ಹಾಕಿದೆ."

ಅವನು ಎತ್ತಿದ ಕಾಲನ್ನು ಹಾಗೆಯೇ ಹಿಂದಕ್ಕಿಟ್ಟ. ಅವಳು ಗಾಳಿಯಲ್ಲಿ ಎರಡು ಸಲ ಬೆರಳು ಬಡಿದಳು.

"ಅತ್ತೆ, ಆಯ್ತಾ? ನೆಲ ಒರೆಸ್ಬೇಕು."

"ಬಂದೆ," ಎಂದರು ಅತ್ತೆ ಒಳಗಿನಿಂದ. ಏಳಲಿಲ್ಲ. ಇನ್ನೊಂದು ಮಗ್ ಮೊಗೆದು ಸುರಿದುಕೊಂಡರು. ಸೊಸೆ ಒದ್ದೆ ಬಟ್ಟೆ ಹಿಡಿದುಕೊಂಡು ಹೊರಗೆ ನಿಂತಳು.